ಮೂಗಿಗೆ ಬೆಣ್ಣೆ

ಕಾಫಿ ಹೂ ಬಿಟ್ಟ ಬೆಳಗ್ಗೆ ಉತ್ತಯ್ಯ
ಜೀಪಿನ ಬಾನೆಟ್ಟಿಗೆ ಒರಗಿ ಕೇಳಿದ:
'ಹೂ ಆಯ್ತಾ? ಬೆಳ್ಳಗೆ ಕಾಣ್ತಿದೆ.'
ಇಡೀ ತಿತಿಮತಿಗೆ ಆ ಘಮಕ್ಕೆ
ತಲೆ ಸುತ್ತುತ್ತಿದ್ದ ಹೊತ್ತು ಅದು.
ಜ್ವರ ಬಿಟ್ಟು ಇಪ್ಪತ್ತು ದಿನ;
ಹೋಗುವಾಗ ಮೂಗನ್ನೂ ಗಂಟು ಕಟ್ಟಿಕೊಂಡು ಹೋಗಿದೆ
ಎಂದು ನನಗೆ ಗೊತ್ತಾದದ್ದು ಹಾಗೆ.

ತಿರುವಿನಾಚೆ ಆನೆಯಿದ್ದರೆ
ಮೊದಲು ಅವನ ಮೂಗು ಬ್ರೇಕ್ ಹಾಕುತ್ತಿತ್ತು,
ಆಮೇಲೆ ಕಾಲು.
ಈಗ ತಿರುವು ತಿರುವಿಗೂ ಎಂಜಿನ್ ಆರಿಸಿ, ಕಿವಿಗೊಟ್ಟು,
ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ.
ದಿನಕ್ಕೊಂದು ಪರಿಮಳ ಹಿಡಿಯಿರಿ, ಅಂದರು ಡಾಕ್ಟರು,
ಮೂಗಿಗೆ ಮರೆತದ್ದು ನೆನಪಾದರೂ ಆಗಬಹುದು.
ಹಿಡಿಯುವುದು ಯಾವುದರಲ್ಲಿ?
ಬೆಣ್ಣೆಯಲ್ಲಿ, ಅಂದುಕೊಂಡೆ.
ಬೆಣ್ಣೆಗೆ ಸ್ವಂತ ಬುದ್ಧಿ ಕಡಿಮೆ,
ಯಾರ ಪಕ್ಕ ಕೂರಿಸಿದರೆ ಅವರ ಮಾತೇ ಆಡುತ್ತದೆ.

ಒಂದು ವಾರದ ಕೆನೆ, ಹಳೇ ಹಾರ್ಲಿಕ್ಸ್ ಬಾಟಲಿ
(ಕಡಗೋಲು ಕೋಳಿಗೂಡಿನ ಅಗುಳಿಯಾಗಿ ವರ್ಷಗಳಾದವು).
ಕುಲುಕಿದೆ. ಮೊದಲು ಗಳಗಳ,
ನಡುವೆ ಒಂದಿಷ್ಟು ಹೊತ್ತು ಮೂಕ, ತೋಳು ಸೋಲುವಷ್ಟು,
ಆಮೇಲೆ ದಪ್ಪೆಂದು ಒಂದು ಮುದ್ದೆ
ಒಳಗಿನಿಂದ ಬಾಗಿಲು ಬಡಿಯಿತು.
ತಣ್ಣೀರಲ್ಲಿ ತೊಳೆದೆ, ನೀರು ತಿಳಿಯಾಗುವ ತನಕ.
ಮಜ್ಜಿಗೆ ಉಳಿದರೆ ಮೂರನೇ ದಿನ ಕಮಟು.

ಸೋಮವಾರ ಹಸಿ ಕರಿಮೆಣಸು,
ಏಣಿಗೆ ನಿಲುಕದೆ ಉಳಿದ ಬಳ್ಳಿತುದಿಯದು,
ಕಲ್ಲಲ್ಲಿ ಅರೆಬರೆ ಜಜ್ಜಿ, ಉಪ್ಪು ಬೆರೆಸಿ.
ಅಕ್ಕಿ ಒಟ್ಟಿಯ ಬಿಸಿಗೆ ಕರಗಿ
ಹಸಿರು ಚುಕ್ಕೆಗಳು ಈಜಾಡಿದವು.
'ಮೆತ್ತಗಿದೆ' ಅಂದ.
ಮಂಗಳವಾರ ಕಿತ್ತಳೆ ಸಿಪ್ಪೆಯ ತುರಿ,
ಬಿಳಿ ತಾಕದ ಹಾಗೆ, ಒಂದು ಚಮಚ ಜೇನು.
'ಇದೂ ಮೆತ್ತಗಿದೆ.'
ಬುಧವಾರ ಗಾಂಧಾರಿ ಮೆಣಸು. ಅವನ ಕಣ್ಣಲ್ಲಿ ನೀರು,
ನನಗೆ ಹಬ್ಬ.
'ಉರಿ ನಾಲಗೆಯದು ಮಾರಾಯ್ತಿ, ಮೂಗಿನದ್ದಲ್ಲ,'
ಎಂದ, ಮೂಗೊರೆಸಿಕೊಂಡು.

ಕಾಚಂಪುಳಿ ಹಾಕಿದ್ದು ನನ್ನ ಸೊಕ್ಕು.
ಬೆಣ್ಣೆ ಒಪ್ಪಲಿಲ್ಲ, ಕಪ್ಪು ಹನಿ ಹನಿಯಾಗಿ
ಬಟ್ಟಲ ತುಂಬ ಬೆವರಿತು.
ಅಷ್ಟನ್ನೂ ಪಂದಿಕರಿಗೆ ಸುರಿದೆ, ಕರಿ ಹೇಗೋ ಬದುಕಿತು.
ಹುರಿದ ಕಾಫಿಪುಡಿಯ ಬೆಣ್ಣೆಯ ಮುಂದೆ ಮಾತ್ರ
ಅವನು ಬಹಳ ಹೊತ್ತು ಬಗ್ಗಿ ಕೂತಿದ್ದ,
ಗ್ರೂಪ್ ಫೋಟೋದಲ್ಲಿ ತನ್ನನ್ನೇ ಹುಡುಕುವವನ ಹಾಗೆ.

ಮೂಗಿಗೆ ತುಪ್ಪ ಸವರುವುದೆಂದರೆ ಮೋಸವಂತೆ.
ತಿಂಗಳಿಡೀ ಬೆಣ್ಣೆ ಸವರಿ
ಮೋಸ ಹೋದವಳು ನಾನೇ,
ಅವನ ಹುಬ್ಬು ಅಲುಗಿದರೆ ಸಾಕು, 'ಬಂತಾ?'
ಕೊನೆಗೊಂದು ದಿನ, ಕನಿಕರಕ್ಕೋ ಬೇಸರಕ್ಕೋ,
'ಏಲಕ್ಕಿ ಬರ್ತಿದೆ' ಅಂದ.
ಅವತ್ತು ಹಾಕಿದ್ದು ಸುಟ್ಟ ಬೆಳ್ಳುಳ್ಳಿ.
ಇಬ್ಬರೂ ತಟ್ಟೆ ನೋಡುತ್ತಾ ಅಗಿದೆವು.

ಮಾರನೆ ದಿನ ಏನೂ ಬೆರೆಸಲಿಲ್ಲ.
ಬರೀ ಬೆಣ್ಣೆ, ಮುಚ್ಚಳ ಹಾಕಲೂ ಮನಸ್ಸಿಲ್ಲದೆ
ಫ್ರಿಜ್ಜಿಗೆ ತಳ್ಳಿದೆ.
ಬೆಳಗ್ಗೆ ಮೊದಲ ತುತ್ತಿಗೇ ಅವನ ದವಡೆ ನಿಂತಿತು.
'ಥೂ! ಏನಿದು, ಒಣಮೀನು!
ಮುಚ್ಚಿಡೋಕೆ ಏನಾಗಿತ್ತು ನಿಂಗೆ?
ಬೆಣ್ಣೆಗೆಲ್ಲಾ ಮೀನು ನಾತ!'

ಪಕ್ಕದ ಮನೆಯ ಸುಹರಾ ತಂದುಕೊಟ್ಟ ಪೊಟ್ಟಣ,
ಕಾಗದ ಹರಿದದ್ದು, ಬೆಣ್ಣೆಯ ಮಗ್ಗುಲಲ್ಲೇ
ರಾತ್ರಿಯಿಡೀ ಪಾಠ ಹೇಳಿದೆ.

'ಇನ್ನೊಂದ್ಸಲ ಹೇಳು' ಅಂದೆ.
'ನಾತ!' ಅಂದ. ಆಮೇಲೆ ಅವನಿಗೂ ಹೊಳೆಯಿತು.
ಬಟ್ಟಲು ಎತ್ತಿ ಮೂಗಿಗೆ ಹಿಡಿದ,
ತುದಿಗೆ ಬೆಣ್ಣೆ ಮೆತ್ತಿದ್ದೂ ತಿಳಿಯದೆ
ಬಾಗಿಲಾಚೆ ಹೋಗಿ ನಿಂತ. ಹೂವೆಲ್ಲ ಉದುರಿ
ಗಿಡದಲ್ಲಿ ಕಂದು ಎಳೆಗಳಷ್ಟೇ ಇದ್ದವು.

ಬೇಲಿಯಾಚೆಯಿಂದ ಸುಹರಾ:
'ನಾನು ಕೊಟ್ಟ ಮೀನು ನಾತವಾ? ಕೇಳಿಸಿತು ನಂಗೆ.'
ಮೂರು ದಿನ ಮಾತಿಲ್ಲ ನಮ್ಮೊಡನೆ.
ಕಿತ್ತಳೆ ಬೆಣ್ಣೆಯ ಉಳಿದ ಸುರುಳಿಯನ್ನು
ಬಾಳೆಲೆಯಲ್ಲಿ ಸುತ್ತಿ, ಅವನ ಕೈಯಲ್ಲೇ
ಅವಳ ಮನೆಗೆ ಕಳಿಸಿದೆ.