ನೋಡ್ಲಾಕ ಏನದ

ಕೋಟಿ ನೋಡಿ ಆಯ್ತು, ಗುರುದ್ವಾರದ ಲಂಗರಿನಾಗ ಉಂಡೂ ಆಯ್ತು,
ಚೌಬಾರಾದ ಮುಂದ ನಿಂತು ಫೋಟೋ ಹೊಡಕೊಂಡಿದ್ದೂ ಆಯ್ತು.
ಹುಮನಾಬಾದಿನಿಂದ ಬಂದ ನಾದಿನಿ ಪ್ರಯಾಗಬಾಯಿ
ಚಾದ ಬಶಿ ಕೆಳಗಿಟ್ಟು ಕೇಳ್ತಾಳ:
"ವೈನಿ, ನಿಮ್ಮ ಚಿಂಚಖೇಡದಾಗ ನೋಡ್ಲಾಕ ಏನದ?"

ಎರಡು ವರ್ಷ ಆಯ್ತು ನಾವು ಇಲ್ಲಿ ಮನಿ ಕಟ್ಟಿ.
ಯಾರೂ ಕೇಳಿರಲಿಲ್ಲ.
"ಅದ, ಬಾ" ಅಂದೆ. ಚಪ್ಪಲಿ ಮೆಟ್ಟಿ ಅಂಗಳಕ್ಕ ಬಂದಮ್ಯಾಲ
ಎಡಕ್ಕೋ ಬಲಕ್ಕೋ ತಿಳೀಲಾರದ ನಿಂತೆ.

ಎಡಕ್ಕ ಕಮಾನು.
ಸೊಂಡಿಲೆತ್ತಿದ ಎರಡು ಸಿಮೆಂಟಿನ ಆನಿ,
ನಡುವ ಬಂಗಾರದ ಬಣ್ಣದಾಗ 'ವೃಂದಾವನ ಎನ್‌ಕ್ಲೇವ್'.
ಕಮಾನಿನ ಆಚಿ ಏನೂ ಇಲ್ಲ:
ಕೆಂಪು ಮಣ್ಣು, ಸುಣ್ಣ ಬಡದ ಗಡಿಕಲ್ಲು, ಒಂದು ಎಮ್ಮಿ.
ಎರಡೂ ಬಾಜೂಕ ಗೋಡಿ ಇಲ್ಲ, ಆದ್ರೂ ಎಮ್ಮಿ
ದಿನಾ ಕಮಾನಿನ ಒಳಗಿಂದನೇ ಹಾದು ಹೋಗ್ತದ.
ಪ್ರಯಾಗಬಾಯಿ ಸೆರಗು ಸಾವರಿಸಿ ಹಾದಿ ಬಿಟ್ಟಳು.

ಆಮ್ಯಾಲ ಎಟಿಎಂ.
ದುಡ್ಡು ಸೋಮವಾರ ಒಂದಿನ, ಥಂಡಿ ಗಾಳಿ ವಾರಪೂರ್ತಿ.
ಘಾಳೆಪ್ಪ ಮುತ್ಯಾ, ಝರೆಪ್ಪ ಮುತ್ಯಾ, ಸಮದ್ ಚಾಚಾ
ಗೋಡಿಗಿ ಬೆನ್ನು ಹಚ್ಚಿ ಕುಂತಾರ. ಹೊರಗ ಏಪ್ರಿಲ್.
ಕಾರ್ಡು ಹಿಡದು ಬಂದವರಿಗಿ ಝರೆಪ್ಪ ಮುತ್ಯಾ
ಕುಂತಲ್ಲಿಂದನೇ ಹೇಳ್ತಾನ: "ಬರಲ್ಲವ್ವಾ ಅದು.
ಬಾಗಿಲಾ ಮುಚ್ಚಿ ಹೋಗು, ಗಾಳಿ ಹೋಗ್ತದ."

ಹುಣಸಿ ಗಿಡದ ಬುಡಕ ಸಿಟಿ ಬಸ್ ಹೊಳ್ಳತದ.
ಇಲ್ಲಿತನಕ ಬೀದರ ಬರ್ತದ, ಇಲ್ಲಿಂದ ವಾಪಸ್ ಹೋಗ್ತದ ಅಂತ ತಿಳಕೋ, ಅಂದೆ.
ಗಿಡದ ತೊಗಟಿ ಒಂದು ಬಾಜು ಸವದು
ಅಂಗೈಯಂಗ ನುಣ್ಣಗಾಗ್ಯದ. ಏಳು ವರ್ಷದ ರಿವರ್ಸು.
ಬರ್ಲಿ ಬರ್ಲಿ ಅಂತ ಕಂಡಕ್ಟರ್ ಸೀಟಿ ಹೊಡದ್ರ
ಪಾನ್ ಡಬ್ಬಿಯವ, ಆಡು ಕಾಯೋ ಪೋರ, ಗಿರಣಿ ಮುಂದಿನ ಹೆಣ್ಮಕ್ಕಳು
ಎಲ್ಲಾರೂ ಡ್ರೈವರ್ ಆಗ್ತಾರ.

ಶಾಲಿ ಹಿಂದ ದಿಬ್ಬ. ದಿಬ್ಬದ ಮ್ಯಾಲ ಆಕಾಶ,
ಆಕಾಶದಾಗ ಏರ್‌ಫೋರ್ಸಿನ ಹುಡುಗರು ವಿಮಾನ ಕಲೀತಾರ.
ಏರ್ತಾವ, ವಾಲ್ತಾವ, ನೆಲ ಮುಟ್ಟಿದಂಗ ಮಾಡಿ ಮತ್ತ ಏರ್ತಾವ.
ಐದನೇ ಇಯತ್ತೆ ಪೋರರು ಮಾರ್ಕು ಹಾಕ್ತಾರ:
"ಆರು!" "ಥೂ, ನಾಕು ಕೊಡು. ವಾಲ್ತು ನೋಡು."
ಸ್ಯಾಮ್ಯುವೆಲ್ ಮಾಸ್ತರ ಮಗಳು ರೂತ್ ಪಾಟಿ ಮ್ಯಾಲ ಬರಕೋತಾಳ.
ಇನ್ನೂ ಯಾರಿಗೂ ಹತ್ತು ಬಿದ್ದಿಲ್ಲ.
ಮ್ಯಾಲ ಇದ್ದವ ಯಾರ ಮಗನೋ, ಎದಿ ಡವಡವ ಅಂತಿದ್ದೀತು,
ಕೆಳಗ ತನ್ನ ರಿಜಲ್ಟ್ ಹಚ್ಯಾರಂತ ಅವನಿಗೇನು ಗೊತ್ತು.

ಕಡೀಕ ಪ್ಲಾಟ್ ನಂಬರ್ ನಲವತ್ತೇಳು.
ಕರಕೊಂಡು ಹೋಗ್ಲೋ ಬ್ಯಾಡೋ ಅಂತ ಅನುಮಾನ ಇತ್ತು.
ಏನೂ ಕಾಣಸಲ್ಲ ಅಲ್ಲಿ. ಒಂದು ಫರಶಿ, ಸುತ್ತ ಜಾಲಿ.
ಸುಲ್ತಾನರ ಕಾಲದಾಗ ನೆಲದ ಹೊಟ್ಟ್ಯಾಗ ಕಾಲಿವಿ ಕೊರದಾರಂತ,
ಸುರಂಗ ಬಾವಿ; ಉಸಿರಾಡ್ಲಿ ಅಂತ ಅಲ್ಲಲ್ಲಿ ಬಾಯಿ ಬಿಟ್ಟಾರಂತ.
ಒಂದೊಂದು ಬಾಯಿ ಮುಚ್ಚಿ ಒಂದೊಂದು ಮನಿ ಎದ್ದಾವ.
ನಮ್ಮ ದೇವರ ಖೋಲಿ ಕೆಳಗೂ ಒಂದು ಅದ ಅಂತಾರ ಮಂದಿ.
ಇಲ್ಲ ಅಂತಾರ ನಮ್ಮ ಮನಿಯವರು.

"ಕಿವಿ ಹಚ್ಚು" ಅಂದೆ.
ಎಂಬತ್ತು ಕಿಲೋದ ಹೆಣ್ಮಗಳು, ನಿರಿಗಿ ಎತ್ತಿ ಸಿಗಿಸಿ
ಮೊಣಕಾಲೂರಿ ಫರಶಿಗಿ ಕಿವಿ ಹಚ್ಚಿದಳು.
ತಲಿ ಮ್ಯಾಲ ವಿಮಾನ ಹೋಯ್ತು. ಅದಕ್ಕ ಬೈದಳು.
ಆಮ್ಯಾಲ ಸುಮ್ಮನಾದಳು.
ಭಾಳೊತ್ತು ಸುಮ್ಮನಿದ್ದಳು.
"ವೈನಿ, ಕೆಳಗ ಯಾರೋ ಕೊಡ ತೊಳೀಲಾಕತ್ತಾರ" ಅಂದಳು.
ನಾನೂ ಹಚ್ಚಿದೆ.
ನನಗ ಬರೇ ನೀರು ಕೇಳಿತು.

ಎದ್ದು, ಮೊಣಕಾಲಿನ ಕೆಂಪು ಧೂಳ ಝಾಡಿಸಿ,
ನಲವತ್ತಾರರ ಕಡಿಗಿ ಹೊಳ್ಳಿ ನೋಡಿದಳು.
ಹೆಜ್ಜಿ ಹಾಕಿ ಅಳದಳು. ಮೂವತ್ತಕ್ಕ ನಾಕು ಕಮ್ಮಿ.
"ಇದು ಮಾರೂದದೇನು?
ನಾವಾದ್ರ ಕಿಡಕಿ ಈ ಬಾಜೂಕ ಇಡ್ತೀವಿ."