ಕಿವಿಯ ಮೇಲಿನ ಪೆನ್ಸಿಲ್

ಅಥ್ಲೋನಿನ ನನ್ನ ಅಂಗಡಿಯಲ್ಲಿ ಕುರ್ಚಿ ಎರಡು,
ಕನ್ನಡಿ ಒಂದೂವರೆ,
ಉಳಿದರ್ಧವನ್ನು ಹೋದ ಚಳಿಗಾಲದ ಗಾಳಿ ಒಯ್ದಿತು.
ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್,
ಲೆಕ್ಕ ಬರೆಯಲಿಕ್ಕೆ.
ಹಳೆಯ ಗಿರಾಕಿಗಳು ಕೆಲವರು ಅದನ್ನು ಕಂಡು
ಕೂತಲ್ಲೇ ಕತ್ತು ಬಿಗಿಹಿಡಿಯುತ್ತಾರೆ.

ಹಣೆಬರಹ ಹಣೆಯಲ್ಲಿರುತ್ತದೆ ಅನ್ನುತ್ತಾರೆ.
ನಮ್ಮದು ಇನ್ನೆರಡು ಬೆರಳು ಮೇಲಿತ್ತು.
ಐವತ್ತಾರನೇ ಇಸವಿ, ಕೇಪ್ ಟೌನಿನ ಸರ್ಕಾರಿ ಕಚೇರಿ,
ಗುಮಾಸ್ತ ಕೂದಲೊಳಗೆ ಪೆನ್ಸಿಲ್ ಸಿಕ್ಕಿಸಿ
ತಲೆ ಅಲ್ಲಾಡಿಸು ಅನ್ನುವನು.
ಬಿದ್ದರೆ ಬಿಳಿ.
ನಿಂತರೆ
ಬೇರೆ ಬಸ್ಸು, ಬೇರೆ ಬೆಂಚು, ಬೇರೆ ಸ್ಮಶಾನ.

ಹಿಂದಿನ ರಾತ್ರಿ ಮುತ್ತಜ್ಜಿ ಮ್ಯಾಗ್ಡಲೀನಾ
ಕಬ್ಬಿಣದ ಬಾಚಣಿಗೆ ಕೆಂಡಕ್ಕಿಟ್ಟು
ಚಿಕ್ಕವಳು ನೋರಾಳ ಸುರುಳಿಗಳನ್ನೆಲ್ಲ
ಒಂದೊಂದಾಗಿ ಎಳೆದು ನೆಟ್ಟಗೆ ಮಾಡಿದಳು.
ಕಿವಿತುದಿ ಸುಟ್ಟಿತು. ಹುಡುಗಿ ಅಳಲಿಲ್ಲ.
ದೊಡ್ಡವಳು ಡಾರ್ಕಸಳ ಸರದಿ ಬರುವ ಹೊತ್ತಿಗೆ
ಇದ್ದಿಲು ಮುಗಿದಿತ್ತು.

ಅಷ್ಟೇ.
ಒಂದೇ ಹಾಸಿಗೆಯ ಅಕ್ಕತಂಗಿಯರ ನಡುವೆ
ಕೂದಲೆಳೆಯ ಅಂತರ;
ಅದರೊಳಗೆ ಒಂದು ರೈಲುಹಳಿ, ಎರಡು ಶಾಲೆ,
ಎಪ್ಪತ್ತು ಕ್ರಿಸ್ಮಸ್ಸು ಹಿಡಿಸಿತು.
ಡಾರ್ಕಸ್ ನನ್ನ ಅಜ್ಜಿ. ಸಾಯುವ ತನಕ
ಇದ್ದಿಲ ಬೆಲೆ ಏರಿದಾಗಲೆಲ್ಲ ನಗುತ್ತಿದ್ದಳು.

ಅವರಣ್ಣ ಎಫ್ರಾಯಿಮ್ ಕಚೇರಿಯ ಕಡೆ ಹೋಗಲೇ ಇಲ್ಲ,
ಹಡಗು ಹತ್ತಿದ. ಸಾಲ್ವಡೋರಿನಿಂದ ಕಾಗದ ಬಂತು:
"ಬಣ್ಣ ಯಾವುದೆಂದು ಇಲ್ಲಿ ನನ್ನನ್ನೇ ಕೇಳುತ್ತಾರೆ, ಡಾರ್ಕಸ್!
ಹೋದ ಸಲ ದಾಲ್ಚಿನ್ನಿ ಅಂದೆ. ಬರಕೊಂಡರು.
ಈ ಸಲ ಹುರಿದ ಗೋಧಿ ಅನ್ನಬೇಕೆಂದಿದ್ದೇನೆ."
ಅಂಚಿನಲ್ಲಿ, ಜಾಗ ಸಾಲದೆ, ಸಣ್ಣ ಅಕ್ಷರ:
"ನಾನು ಸುಣ್ಣ ಹೊಡೆಯುವ ಮಹಲಿಗೆ ಲಿಫ್ಟು ಎರಡು.
ಕಾನೂನೇನೂ ಇಲ್ಲ. ಬಾಗಿಲು ಕಾಯುವವ
ದಾಲ್ಚಿನ್ನಿಗೂ ಗೋಧಿಗೂ ಹಿಂದಿನದನ್ನೇ ತೋರಿಸುತ್ತಾನೆ."

ಅವನ ಮೊಮ್ಮಗಳು ಇಯಾರಾ ಈಗ ಮಾರ್ಸೇಯಲ್ಲಿ ನರ್ಸು.
ಇಲ್ಲಿನ ಅರ್ಜಿಯಲ್ಲಿ ಆ ಕಾಲಮ್ಮೇ ಇಲ್ಲ ಅಕ್ಕಾ,
ಕೇಳುವುದೇ ತಪ್ಪಂತೆ, ಎಲ್ಲರೂ ಬರೀ ನಾಗರಿಕರು.
ಎಷ್ಟು ಚಂದ ಅಂದೆ.
ಚಂದವೇ, ಅಂದಳು. ಫೋನಿನಲ್ಲಿ ಸ್ವಲ್ಪ ಹೊತ್ತು
ಬರೀ ಟ್ರಾಮಿನ ಸದ್ದು.
ಆಮೇಲೆ: ನಿಲ್ದಾಣದ ಮೆಟ್ಟಿಲ ಮೇಲೆ ಈ ವಾರ ಮೂರು ಸಲ
ಪೊಲೀಸರು ನನ್ನ ಗುರುತುಚೀಟಿ ಕೇಳಿದರು.
ಜತೆಗಿದ್ದ ಕ್ಲೋತಿಲ್ದಳನ್ನು ಕೇಳಲಿಲ್ಲ.
ಹೀಗೆ ನಿಲ್ಲಿಸಿದ್ದು ಎಷ್ಟು ಜನರನ್ನು ಅಂತ ಎಣಿಸೋಣವೆಂದರೆ
ಕಾಲಮ್ಮಿಲ್ಲವಲ್ಲ.

ಒಂದೇ ಮೂಗು, ಒಂದೇ ದವಡೆ, ಮೂರು ಸಮುದ್ರ.
ಅಳೆದು ನೋಡಿದ ದೇಶ, ನಗುತ್ತ ಕೇಳಿದ ದೇಶ,
ಕಣ್ಣು ಮುಚ್ಚಿಕೊಂಡೇ ತಡವಿದ್ದು ಇನ್ನೊಂದು.
ಯಾವುದು ವಾಸಿ ಎಂದು ತೂಗಲು ನನಗೆ ಬಾರದು.
ನನಗೆ ಬರುವುದು ಕೂದಲು.

ಮಂಗಳವಾರ ಒಬ್ಬ ಮುದುಕಿ ಬಂದಳು,
ರೈಲುಹಳಿಯ ಆಚೆಯಿಂದ, ಟ್ಯಾಕ್ಸಿ ಕಾಯಿಸಿಟ್ಟು.
ಹೆಸರು ಹೇಳಲಿಲ್ಲ. ತಲೆಗೆ ನೀರು ಹಾಕಿದೆ.
ವರ್ಷಗಟ್ಟಲೆ ಕಾದ ಕಬ್ಬಿಣ ಉಂಡ ಕೂದಲು,
ಹಿಡಿದರೆ ಹುಡಿ.
ಬುಡದಲ್ಲಿ ಮಾತ್ರ, ಒಂದು ಬೆರಳಷ್ಟು,
ಅಜ್ಜಿಯದೇ ಸುರುಳಿ.

ಕನ್ನಡಿಯೊಳಗಿಂದ ನನ್ನ ಕಿವಿಯನ್ನೇ ನೋಡುತ್ತಿದ್ದವಳು
"ಒಮ್ಮೆ ಸಿಕ್ಕಿಸಿ ನೋಡು" ಅಂದಳು,
"ಈಗ ನಿಂತೀತು."

ಪೆನ್ಸಿಲ್ ತೆಗೆದೆ.
ಇದು ಲೆಕ್ಕದ್ದು ಅಂದೆ.
ಚೀಟಿಯಲ್ಲಿ ತೊಳೆದದ್ದಕ್ಕೆ ಇಷ್ಟು, ಕತ್ತರಿಸಿದ್ದಕ್ಕೆ ಇಷ್ಟು,
ಕೆಳಗೆ ಇನ್ನೊಂದು ಪದ ಬರೆದು
ಅದರೆದುರು ಮೊತ್ತ ಖಾಲಿ ಬಿಟ್ಟೆ.

"ಏನದು ಕೊನೆಯದು? ಕನ್ನಡಕ ತಂದಿಲ್ಲ."
"ಇದ್ದಿಲು" ಅಂದೆ.

ಹೊರಗೆ ಟ್ಯಾಕ್ಸಿ ಹಾರ್ನು ಹೊಡೆಯಿತು.
ಅವಳ ಕೈ ಮೆಲ್ಲಗೆ, ತನ್ನಷ್ಟಕ್ಕೆ,
ಕಿವಿತುದಿಗೆ ಹೋಯಿತು.