ಹಲಗಿಯ ಮ್ಯಾಲಿನ ಹೆಸರು

ಇಳಕಲ್ಲಿನ ನೇಕಾರರ ಸೊಸೈಟಿಯ ಗೋಡಿಗೆ
ಒಂದು ಕರೀ ಹಲಗಿ ಐತಿ.
ಆಗಿ ಹೋದ ಅಧ್ಯಕ್ಷರೆಲ್ಲ ಅದರ ಮ್ಯಾಲೆ
ಹಳದಿ ಅಕ್ಷರದಾಗ ಸಾಲು ಹಿಡದು ನಿಂತಾರ,
ಹತ್ತೊಂಬತ್ತು ಶ್ರೀ.
ಮೊದಲಿನ ಎಂಟು ನಮ್ಮಪ್ಪ ಬರದದ್ದು, ಉಳದದ್ದು ನಾನು.
ಗೀಟು ಎಳದಾವ ಮಾತ್ರ ಅಪ್ಪ:
ಶ್ರೀ ಕೂಡೂವಷ್ಟ ಒಂದು ಸಣ್ಣ ಮನಿ,
ಆಮ್ಯಾಲೆ ಹೆಸರು.

ಇಪ್ಪತ್ತನೇದನ್ನ ಹಿಂದಿನ ರಾತ್ರಿನ ಬರದಿದ್ದೆ.
ಮುರಿಗೆಪ್ಪ ಸಜ್ಜನರ ಅಳಿಯ ಬಂದು
ಮುನ್ನೂರು ಮುಂಗಡ ಕಿಸೇಕ ತುರುಕಿ
"ಬುಡ್ನೇಸಾಬ, ಹಾರ ಹಾಕೂ ಹೊತ್ತಿಗೆ
ಬಣ್ಣ ಆರಿರಬೇಕ ನೋಡು" ಅಂದಿದ್ದ.
ಅಮೀನಗಡದಿಂದ ಕರದಂಟು ಬಂದಿತ್ತು, ನಾಕು ಡಬ್ಬಿ.
ಪಟಾಕಿ ಸರ ಬಂದಿತ್ತು.

ಹನ್ನೊಂದು ನಿರ್ದೇಶಕರು, ಹನ್ನೊಂದು ಚೀಟಿ.
ಬಾಗಲಕೋಟಿಯ ಅಧಿಕಾರಿ ಒಮ್ಮೆ ಎಣಿಸಿದ,
ಚಾಳೀಸು ಒರಸಿಕೊಂಡ,
ಮತ್ತ ಎಣಿಸಿದ.
ಐದು ಸಜ್ಜನರಿಗೆ.
ಆರು, ಹುಲಿಗೆವ್ವ ಗುಡೂರ.

ಹುಲಿಗೆವ್ವ ಅಂದ್ರ ಕಂಡಕಿ ಸುತ್ತಾಕಿ.
ಮಹಿಳಾ ಮೀಸಲಿಗೆ ಒಂದು ಹೆಸರು ಬೇಕಂತ
ಇವರ ಕರಕೊಂಡ ಬಂದು ಕೂಡಿಸಿದ್ದು.
ಎರಡು ವರ್ಷ ಬಾಗಲ ಕಡೆ ಕುರ್ಚೇದಾಗ ಕುಂತು
ಒಮ್ಮೆ ಅಷ್ಟ ಬಾಯಿ ತೆರದಿದ್ದಳು:
"ರೇಷ್ಮಿ ಒಂದು ಕಿಲೋ ಅಂತ ಕೊಡತೀರಿ,
ನನ್ನ ತಕ್ಕಡ್ಯಾಗ ಒಂಬೈನೂರಾ ಇಪ್ಪತ್ತು
ಯಾಕ ತೂಗತೈತಿ?"
ನಡಾವಳಿ ಬುಕ್ಕಿನಾಗ ಆ ಮಾತಿಲ್ಲ.

ಪಟಾಕಿ ಹುಡುಗಗ ಯಾರೂ ಏನೂ ಹೇಳಿದ್ದಿಲ್ಲ,
ಸರ ಪೂರ್ತಿ ಸುಟ್ಟ.
ಆ ಸದ್ದು ಕೇಳಿ ಸಜ್ಜನರ ಮನ್ಯಾಗ ಆರತಿ ಹಚ್ಚಿದ್ರಂತ.
ಹಚ್ಚಿದ ಆರತಿ ಆರಸೂದು ಹೆಂಗ?
ದೇವರ ಮುಂದ ಇಟ್ಟ ಸುಮ್ಮನಾದ್ರಂತ.

ಮ್ಯಾಲಿನ ಓಣ್ಯಾಗ ಮಗ್ಗ ನಿಂತವು.
"ಕಂಡಕಿ ಕೈಗೆ ಚೆಕ್ಕಿನ ಸಹಿ!" ಅಂದು
ಎಲಿ ಅಡಿಕಿ ಉಗುಳಿದ್ರು.
ಕೆಳಗಿನ ಓಣ್ಯಾಗ ಗುಲಾಲ ಹಾರಿ
ಒಂದು ಬಿಳೀ ಹಾಸಿನ ಮ್ಯಾಲೆ ಬಿತ್ತು.
ಜಾಡಸಾಕ ಹೋದ ಮಗನ್ನ ತಡದು
"ಇರಲಿ ಬಿಡು, ಹಂಗ ನೇಯಿ" ಅಂದ ಒಬ್ಬ ಮುದುಕ.
ಚಾದಂಗಡಿ ಬೆಂಚಿನ ಈ ತುದಿಗೆ "ನಮ್ಮ ಹೆಣ್ಣಮಗಳು",
ಆ ತುದಿಗೆ "ಹಿಂದ ಯಾರೋ ಕೀಲಿ ಕೊಟ್ಟಾರ".
ನಡುವ ಕುಂತ ನಾನು ಎರಡೂ ಕಡೆ ಹೂಂ ಅಂದೆ,
ಚಾದ ರೊಕ್ಕ ಎರಡೂ ಕಡೆಯಾವ್ರು ಕೊಡಲಿಲ್ಲ.
ಆಕಿ ನೆಗೆಣ್ಣಿ ಬಾಗಲಾ ಹಾಕಿಕೊಂಡಳು.
ಗಂಡ "ನಾಳಿಂದ ಕಂಡಕಿ ಯಾರು ಸುತ್ತತಾರ?" ಅಂತ ಒಂದ ಕೇಳಿ
ಗೋಡಿ ಕಡೆ ಮುಖ ಮಾಡಿ ಮಲಗಿದ.

ಇನ್ನೊಂದು ಲೆಕ್ಕ ನನಗ ಹರಿದಿಲ್ಲ.
ನಿಂತ ಇಬ್ಬರನ್ನ ಬಿಟ್ಟರ ಉಳದಾವ್ರು ಒಂಬತ್ತು ಮಂದಿ.
ಆ ರಾತ್ರಿ ಎಂಟು ಮಂದಿ ಒಬ್ಬೊಬ್ಬರ ಕದ್ದು ಬಂದು
"ಅಕ್ಕಾ, ನನ್ನ ಚೀಟಿ ನಿನಗ" ಅಂದ್ರಂತ.
ಏಳು ಮಂದಿ ಸಜ್ಜನರ ಪಡಸಾಲ್ಯಾಗ
ಬಸವಣ್ಣನ ಆಣಿ ಮಾಡಿದ್ರಂತ.

ಮರುದಿನ ಸೀಮೆಎಣ್ಣಿ, ಬ್ಲೇಡು, ಹಳೇ ಬನೀನು ತಗೊಂಡು
ಮುರಿಗೆಪ್ಪನ್ನ ಉಜ್ಜಿದೆ.
ಮು ಹೋತು. ರಿ ಹೋತು.
ಪ್ಪ ಹಲಗಿಯ ಎಳಿಯೊಳಗ ಇಳದು ಕುಂತಿತ್ತು.
ಶ್ರೀ ಇರಲೆಂದು ಬಿಟ್ಟೆ, ಬಣ್ಣ ಉಳೀತೈತಿ.
ಆದ್ರ ಮತಿಗೆ ಜಾಗಿಲ್ಲ.
ಅಕ್ಷರ ಸಣ್ಣ ಮಾಡಬೇಕು,
ಇಲ್ಲಾ ಅಪ್ಪನ ಗೀಟು ದಾಟಬೇಕು.

ಹುಲಿಗೆವ್ವ ಬಾಗಲದಾಗ ನಿಂತಿದ್ದಳು,
ಕೈಯಾಗ ಮನಿ ತಕ್ಕಡಿ.
ಕೇಳಿದೆ.
"ಸಣ್ಣಾಗಿ ಬರಿಬ್ಯಾಡ" ಅಂದಳು.
ಮತ್ತ, "ಮುಂಗಡ ಎಷ್ಟ ಕೊಟ್ಟಿದ್ರು?"
"ಮುನ್ನೂರು."
"ಅವರದು ಅವರಿಗೆ ಮುಟ್ಟಿಸಿ ಬಾ."

ಅಳಿಯ ರೊಕ್ಕ ಮುಟ್ಟಲಿಲ್ಲ.
"ಇಟ್ಟಕೋ. ಉಳದ ಸೀಮೆಎಣ್ಣೀನೂ ಇಟ್ಟಕೋ" ಅಂದ.

ಗೀಟು ದಾಟಿದೆ.
ಅವಧಿಯ ಮನ್ಯಾಗ ಇಂದಿನ ತಾರೀಖು ಬರದು, ರಿಂದ ಅಂದು,
ಮುಂದ ಖಾಲಿ ಬಿಟ್ಟೆ. ಎಲ್ಲಾರಿಗೂ ಹಂಗ ಬಿಡೂದು.

ಐದು ಗಂಟೇಕ ಕಿಡಕ್ಯಾಗಿಂದ ಓರೆ ಬಿಸಲು ಬರತೈತಿ.
ಆಗ ಹುಲಿಗೆವ್ವನ ಬೆನ್ನಿಗೆ ಒಂದು ಪ್ಪ ಕಾಣತೈತಿ,
ನೋಡಾಕಂತನ ಎರಡೂ ಓಣಿ ಮಂದಿ ಬರತಾರ.
ಒಳಗ ಗೋದಾಮಿನ್ಯಾಗ
ತೂಕದ ಕಲ್ಲು ಇಟ್ಟ ಸದ್ದು,
ತಗದ ಸದ್ದು,
ಮತ್ತ ಇಟ್ಟ ಸದ್ದು.